ಬಣ್ಣ ಹಚ್ಚದ ಜಾಗ

ಮಗ ಮತ್ತೊಮ್ಮೆ ಕೀ ತಿರುಗಿಸಿದ. ಟಕ್ ಎಂದಿತು, ಅಷ್ಟೇ. ಎರಡೇ ಸೀಟಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಶೆಡ್ಡಿನ ಮುಂದೆ ಮಿಸುಕದೆ ನಿಂತಿತ್ತು. ಗೇಟಿನಾಚೆ ಅಪ್ಪನ ದೇಹವಿದ್ದ ವ್ಯಾನು ಕಾಯುತ್ತಿತ್ತು. ಅದರ ಹಿಂದೆ ಅಮ್ಮ ಈ ಕಾರಿನಲ್ಲೇ ಬರಬೇಕು ಎಂಬುದೊಂದೇ ಅಪ್ಪ ಕೇಳಿಕೊಂಡಿದ್ದುದು.

“ತಳ್ಳೋಣ ಬಿಡಪ್ಪಾ,” ಎಂದರು ಎದುರುಮನೆಯ ಟೈಲರ್. “ಈ ಬೀದೀಲಿ ಇದನ್ನ ತಳ್ಳದೇ ಇರೋ ಗಂಡಸು ಯಾರಿದ್ದಾನೆ? ನನ್ನ ಸೊಂಟನೋವು ಶುರುವಾಗಿದ್ದೇ ನಿಮ್ಮಪ್ಪನಿಂದ.”

“ಆದ್ರೂ ಕರೆದ ತಕ್ಷಣ ಓಡಿ ಬರ್ತಿದ್ರಲ್ಲ,” ಎಂದಳು ಅತ್ತೆ, ಅಪ್ಪನ ತಂಗಿ, ಕಣ್ಣೊರೆಸಿಕೊಳ್ಳುತ್ತಲೇ ನಕ್ಕು.

“ಬರದೇ ಇರ್ತೀನೇನಮ್ಮಾ? ನನ್ನ ಹೊಲಿಗೆ ಮಿಷನ್ ಕೆಟ್ರೆ ಊಟ ಬಿಟ್ಟು ಎದ್ದು ಬರ್ತಿದ್ದೋರು ಅವರು.”

“ಇನ್ನು ಸ್ವಲ್ಪ ಹೊತ್ತು ನೋಡ್ತೀನಿ, ಆಮೇಲೆ ಹೊರಡಲೇಬೇಕು,” ಎಂದ ವ್ಯಾನಿನವನು.

ತಾಯಿ ಮೆಟ್ಟಿಲಿಳಿದು ಬಂದಳು. “ತಳ್ಳೋದು ಬೇಡ. ತಳ್ಳಿದ್ರೆ ರೋಗ ಒಳಗೇ ಉಳಿಯುತ್ತೆ ಅಂತಿದ್ರು ನಿಮ್ಮಪ್ಪ. ದಾರೀಲಿ ಕೈಕೊಟ್ರೆ ಏನ್ಮಾಡ್ತೀಯ? ಹೆಡ್‌ಲೈಟ್ ಹಾಕು. ಹೂಂ, ಈಗ ಕೀ ತಿರುಗಿಸು.”

ಟಕ್. ದೀಪಗಳು ಮಂಕಾಗಲಿಲ್ಲ.

“ಬ್ಯಾಟರಿ ಗಟ್ಟಿಯಾಗಿದೆ. ಎಂಜಿನ್ ತಿರುಗಿಸೋ ಮೋಟರ್‌ಗೆ ಕರೆಂಟು ಸಿಗ್ತಿಲ್ಲ,” ಎಂದಳು. ಮಗ ಅವಳನ್ನೇ ನೋಡಿದ.

*

ವರ್ಷಗಳ ಹಿಂದೆ, ನೀರಿನ ಬಿಲ್ಲು ಬರೆಯುವ ಗುಮಾಸ್ತನಾಗಿದ್ದ ಅಪ್ಪ ಗುಜರಿಯಿಂದ ಈ ಕಾರು ತಂದಾಗ ಬೀದಿಯೆಲ್ಲ ನಕ್ಕಿತ್ತು. ಹೊಸ ಬ್ಯಾಟರಿ ಹಾಕಿದ, ಮೋಟರ್ ಬಿಚ್ಚಿ ಜೋಡಿಸಿದ, ಮೈಯೆಲ್ಲ ಬಣ್ಣ ಹಚ್ಚಿದ. ಕಾರು ಮಾತ್ರ ಟಕ್ ಎನ್ನುತ್ತಿತ್ತು. ಹೆಂಡತಿ ಸ್ಟಿಯರಿಂಗ್ ಹಿಂದೆ ಕೂತಿರಬೇಕು. ಎತ್ತಿದ ಬಾನೆಟ್ಟಿನ ಪಕ್ಕದಲ್ಲಿ ಅವನ ಕೈ ಮೇಲೆದ್ದರೆ ಕೀ ತಿರುಗಿಸಬೇಕು, ಇಳಿದರೆ ಬಿಡಬೇಕು. ಕಾರಿನಲ್ಲಿ ಸುತ್ತಿದ್ದಕ್ಕಿಂತ ಹೀಗೆ ಕೂತದ್ದೇ ಹೆಚ್ಚು.

ಒಂದು ಸಂಜೆ ಬೇಸತ್ತು ಇಳಿದು ಬಂದವಳು ಬಗ್ಗಿ ನೋಡಿ ಕೇಳಿದಳು: “ಎಂಜಿನ್ನಿಂದ ಬಂದಿರೋ ಈ ವೈರನ್ನ ಬಣ್ಣದ ಮೇಲೆ ಬಿಗಿದಿದ್ದೀರಲ್ಲ, ಬಣ್ಣ ದಾಟಿ ಕರೆಂಟು ಹೋಗುತ್ತಾ?”

ಅವನು ಬೋಲ್ಟ್ ಬಿಚ್ಚಿ, ಕಬ್ಬಿಣ ಕಾಣುವವರೆಗೆ ಬಣ್ಣ ಕೆರೆದು, ವೈರನ್ನು ಮತ್ತೆ ಬಿಗಿದ. ಎಂಜಿನ್ ಗುಡುಗಿತು. ಅವನು ನೇರ ಎದುರುಮನೆಗೆ ಓಡಿದ. “ಕಂಡುಹಿಡಿದದ್ದು ಇವಳು ಕಣ್ರೀ!”

ಅಂದಿನಿಂದ ಮನೆಗೆ ಬಂದವರಿಗೆಲ್ಲ ಅದೇ ಕತೆ. ಅವಳು ನಾಚಿ ಅಡುಗೆಮನೆ ಸೇರುತ್ತಿದ್ದಳು. “ಸಾಕು ಸುಮ್ನಿರಿ” ಎನ್ನುವುದು ಬಿಟ್ಟು ಅದಕ್ಕೆ ಅವಳೇನೂ ಹೇಳಿದ್ದಿಲ್ಲ.

*

ತಾಯಿ ಬಾನೆಟ್ ಎತ್ತಿದಳು. ಆ ಜಾಗ ಕೆಂಪಗೆ ಹೊಳೆಯುತ್ತಿತ್ತು.

“ಇಲ್ಲಿ ಬಣ್ಣ ಹಚ್ಚಿದ್ಯಾ?”

ಮಗನ ಮುಖ ಇಳಿಯಿತು. ಆ ಕತೆ ಅವನಿಗೆ ಬಾಯಿಪಾಠ. ಜಾಗ ಯಾವುದೆಂದು ಮಾತ್ರ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. “ನಿನ್ನೆ ಬೋಲ್ಟ್ ಬಿಚ್ಚಿ ಹಚ್ಚಿದೆ. ಅಪ್ಪನ ಕಾರಲ್ಲಿ ಅದೊಂದೇ ಬೋಳು ಬೋಳಾಗಿ ಕಾಣ್ತಿತ್ತಮ್ಮ...”

“ಚೆನ್ನಾಗೇ ಹಚ್ಚಿದ್ದೀಯ ಕಂದಾ. ನಿಮ್ಮಪ್ಪನೂ ಹೀಗೇ ಹಚ್ಚಿದ್ರು. ಈಗ ಕೆರಿ.”

ಅವನು ಕೆರೆಯುತ್ತಿರುವಾಗ ಅವಳು ಹೋಗಿ ಸ್ಟಿಯರಿಂಗ್ ಹಿಂದೆ ಕೂತಳು. ಎತ್ತಿದ ಬಾನೆಟ್ಟು ಎದುರಿನದನ್ನೆಲ್ಲ ಮರೆಮಾಡಿತು. ಪಕ್ಕದಲ್ಲಿ ಒಂದು ಕೈ ಮೇಲೆದ್ದಿತು. ಅವಳು ಕೀ ತಿರುಗಿಸಿದಳು.

ಎಂಜಿನ್ ಗುಡುಗಿತು.

“ಅಂತೂ ಇವತ್ತು ನನ್ನ ಸೊಂಟಕ್ಕೆ ರಜೆ ಕೊಟ್ಟ ಪುಣ್ಯಾತ್ಮ,” ಎಂದು ಟೈಲರ್ ಗೋಡೆಯ ಕಡೆ ತಿರುಗಿಕೊಂಡರು.

ತಾಯಿ ಪಕ್ಕದ ಸೀಟಿಗೆ ಸರಿದಳು. ಮಗ ಬಾನೆಟ್ ಮುಚ್ಚಿ ಬಂದು ಕೂತ. “ಹೆಡ್‌ಲೈಟ್ ಉರೀತಾನೇ ಇದೆ. ಆರಿಸ್ಲಾ ಅಮ್ಮ?”

“ಇರ್ಲಿ ಬಿಡು.”

ವ್ಯಾನು ಹೊರಟಿತು. ನಡುಹಗಲಿನಲ್ಲಿ ಎರಡು ದೀಪಗಳು ಅದರ ಹಿಂಬಾಗಿಲನ್ನು ಬೆಳಗಿಕೊಂಡು, ತಿರುವಿನವರೆಗೂ ಹೋದವು.