ಎರಡು ಅಂಕಿಯ ವಾಲ್ವು

ನರಗುಂದದ ಮಹಾಲಿಂಗಪ್ಪನವರ ಹತ್ತಿ ಗಿರಣಿಯಲ್ಲಿ ಶಿವನಪ್ಪ ಹದಿನೇಳು ವರ್ಷಗಳಿಂದ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಕಲಿತದ್ದು ಕನ್ನಡ ಮೂರನೇ ಇಯತ್ತೆಯ ತನಕ. ಇಂಗ್ಲಿಷ್ ಅಂಕಿಗಳು ಬರುತ್ತಿದ್ದವು, ಅಕ್ಷರ ಬರುತ್ತಿರಲಿಲ್ಲ. ಗೇಜಿನ ಮುಳ್ಳು ನೂರಾ ನಲವತ್ತು ಪೌಂಡು ದಾಟಬಾರದು ಎಂಬುದೊಂದೇ ಅವನ ಕಾಯಿದೆ. ಅಷ್ಟೂ ವರ್ಷಗಳಲ್ಲಿ ಅದು ದಾಟಿರಲಿಲ್ಲ.

೧೯೫೪ರ ಫೆಬ್ರುವರಿಯಲ್ಲಿ, ಹತ್ತಿಯ ಸುಗ್ಗಿ ಜೋರಾಗಿದ್ದಾಗ, ಬಾಯ್ಲರಿನಿಂದ ಇಂಜಿನ್ನಿಗೆ ಉಗಿ ಬಿಡುವ ದೊಡ್ಡ ವಾಲ್ವು ಸೋರತೊಡಗಿತು. ಮಹಾಲಿಂಗಪ್ಪನವರು ಹುಬ್ಬಳ್ಳಿಯಿಂದ ಹೊಸದನ್ನು ತರಿಸಿದರು. ಅದರ ಮೈಮೇಲೆ ಇನ್ನೂರು ಎಂಬ ಅಂಕಿ ಎರಕದಲ್ಲೇ ಉಬ್ಬಿ ನಿಂತಿತ್ತು. ನಮ್ಮ ಬಾಯ್ಲರು ನೂರಾ ನಲವತ್ತರದ್ದು, ಇದು ಇನ್ನೂರು ತಡೆಯುತ್ತದೆ, ಇನ್ನೇನು ಬೇಕು ಎಂದು ಅವರು ಹೇಳಿದರು. ಶಿವನಪ್ಪನಿಗೂ ಅದು ಸರಿಯೆನಿಸಿತು. ರವಿವಾರ ಬೆಂಕಿ ಆರಿಸಿ ವಾಲ್ವು ಕೂಡಿಸಿದ.

ಒಂದು ಸಂಗತಿ ಮಾತ್ರ ಅವನನ್ನು ಕಾಡಿತು. ಹಳೆಯದನ್ನು ಇಳಿಸಲು ಇಬ್ಬರು ಬೇಕಾಗಿದ್ದರು. ಹೊಸದನ್ನು ಅವನೊಬ್ಬನೇ ಎತ್ತಿ ಹೆಗಲಿಗಿಟ್ಟುಕೊಂಡಿದ್ದ. ಬಾಯಿಯ ಅಳತೆ ಎರಡಕ್ಕೂ ಒಂದೇ.

ಸೋಮವಾರ ಗಿರಣಿ ಚೆನ್ನಾಗಿಯೇ ನಡೆಯಿತು. ಮಂಗಳವಾರ ಬೆಳಿಗ್ಗೆ ಶಿವನಪ್ಪ ವಾಲ್ವನ್ನು ಒರೆಸಲು ಏಣಿ ಹತ್ತಿದ. ಕಾವಿಗೆ ಬಣ್ಣ ಸುಲಿದು, ಗೋಡೆಯ ಕಡೆಯ ಮಗ್ಗುಲಿನಲ್ಲಿ ಇನ್ನೊಂದು ಅಂಕಿ ಕಾಣಿಸಿತು: ನೂರಾ ಇಪ್ಪತ್ತೈದು. ಅದರ ಪಕ್ಕ ಒಂದೇ ಅಕ್ಷರವಿತ್ತು, ಇನ್ನೂರರ ಪಕ್ಕ ಮೂರು. ಒಂದು ವಾಲ್ವಿಗೆ ಎರಡು ಅಂಕಿ ಏಕೆಂದು ಅವನಿಗೆ ತಿಳಿಯಲಿಲ್ಲ. ಆ ಅಕ್ಷರಗಳನ್ನು ಕಂಡ ಹಾಗೆಯೇ ಕಾಗದದ ಚೂರಿನ ಮೇಲೆ ಇದ್ದಿಲಿನಿಂದ ಬರೆದುಕೊಂಡು, ಬೆಂಕಿ ನೋಡುವ ಆಳಿಗೆ ಮುಳ್ಳಿನ ಮೇಲೆ ಕಣ್ಣಿಡಲು ಹೇಳಿ, ಹೆಣ್ಣುಮಕ್ಕಳ ಸಾಲೆಗೆ ನಡೆದ. ಅಲ್ಲಿನ ಶಿಕ್ಷಕಿ ಇಂದಿರಾಬಾಯಿ ಧಾರವಾಡದಲ್ಲಿ ಇಂಗ್ಲಿಷ್ ಓದಿದವರು.

ಅವರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಕಡೆ ಎಸ್, ಇನ್ನೊಂದು ಕಡೆ ಡಬ್ಲ್ಯೂ, ಓ, ಜಿ ಎಂದು ಓದಿ ಹೇಳಿದರು. ಅರ್ಥ ಅವರಿಗೂ ಹೊಳೆಯಲಿಲ್ಲ. ಇಂಥ ವಾಲ್ವಿನಲ್ಲಿ ಏನು ಹರಿಯುತ್ತದೆ ಎಂದು ಕೇಳಿದರು. ಕೆಲವರು ನೀರಿಗೆ ಹಾಕುತ್ತಾರೆ, ಕೆಲವರು ಎಣ್ಣೆಗೆ, ನಮ್ಮಲ್ಲಿ ಇಸ್ಟೀಮು ಎಂದ ಶಿವನಪ್ಪ.

ಇಂದಿರಾಬಾಯಿ ತಟ್ಟನೆ ತಲೆಯೆತ್ತಿದರು. “ಸ್ಟೀಮ್ ಅನ್ನೋ ಶಬ್ದ ಎಸ್‌ನಿಂದನ ಶುರು ಆಗ್ತದ, ಶಿವನಪ್ಪ. ಡಬ್ಲ್ಯೂ ಅಂದ್ರ ವಾಟರ್, ನೀರು. ಓ ಅಂದ್ರ ಆಯಿಲ್, ಎಣ್ಣಿ. ಜಿ ಅಂದ್ರ ಗ್ಯಾಸ್ ಇದ್ದೀತು. ಆದ್ರ ನೀರಿಗೊಂದು, ಉಗಿಗೊಂದು, ಹಿಂಗ ಎರಡು ಲೆಕ್ಕ ಯಾಕ?”

“ಕಾದ ಕಬ್ಬಿಣಕ್ಕ ತಣ್ಣಗಿದ್ದಾಗಿನ ತಾಕತ್ತು ಇರೂದಿಲ್ರಿ, ಬಾಯಾರ,” ಎಂದ ಶಿವನಪ್ಪ. “ತಣ್ಣೀರಿಗೆ ಇನ್ನೂರು. ಉಗಿಗೆ ನೂರಾ ಇಪ್ಪತ್ತೈದು.” ತಾನು ಅದರಲ್ಲಿ ನೂರಾ ನಲವತ್ತು ಬಿಟ್ಟು ಬಂದಿದ್ದ.

ಅವನು ಓಡಿದ. ಗಿರಣಿಯಲ್ಲಿ ಊಟದ ಹೊತ್ತಾಗುತ್ತಿತ್ತು. ಹತ್ತಿ ಹಸನು ಮಾಡುವ ನಲವತ್ತು ಹೆಂಗಸರು ದಿನವೂ ಬಾಯ್ಲರ್ ಕೋಣೆಯ ಗೋಡೆಯ ನೆರಳಿನಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಅವರಲ್ಲಿ ಹಿರಿಯಳಾದ ರಮಜಾನಬಿ ಆಗಲೇ ಬಂದು ಕುಳಿತಿದ್ದಳು.

“ರಮಜಾನಬಿ, ಎಲ್ಲಾರನೂ ಆ ಬೇವಿನ ಗಿಡದ ಕಡೆ ಕರಕೊಂಡು ಹೋಗವಾ. ಲಗೂ. ಯಾಕಂತ ಆಮ್ಯಾಲ ಹೇಳ್ತೀನಿ.”

ಅವನ ಮುಖ ನೋಡಿ ಅವಳು ಬುತ್ತಿ ಕಟ್ಟಿಕೊಂಡು ಎದ್ದು, ಉಳಿದವರನ್ನು ಕೂಗುತ್ತ ನಡೆದಳು.

ಶಿವನಪ್ಪ ವಾಲ್ವನ್ನು ಮುಟ್ಟಲಿಲ್ಲ. ಅವಸರದಲ್ಲಿ ಮುಚ್ಚಿದರೆ ತಡೆದ ಉಗಿಯ ಪೆಟ್ಟು ಅದಕ್ಕೇ ಬೀಳಬಹುದೆಂದು ಅವನಿಗೆ ಗೊತ್ತಿತ್ತು. ಕಟ್ಟಿಗೆ ಹಾಕುವುದನ್ನು ನಿಲ್ಲಿಸಿದ, ಒಲೆಗೆ ಗಾಳಿ ಹೋಗುವ ದಾರಿ ಮುಚ್ಚಿಸಿದ, ಇದ್ದ ಉಗಿಯನ್ನು ಇಂಜಿನ್ನೇ ತಿಂದು ಮುಗಿಸಲೆಂದು ಯಂತ್ರಗಳನ್ನು ಓಡುತ್ತಿರಲು ಬಿಟ್ಟ. ಆಳನ್ನೂ ಹೊರಗೆ ಕಳಿಸಿ ಗೇಜಿನ ಮುಂದೆ ಒಬ್ಬನೇ ನಿಂತ. ಮುಳ್ಳು ಅಲುಗಲೇ ಇಲ್ಲ ಎನಿಸಿತು. ಆಮೇಲೆ ನೂರಾ ಮೂವತ್ತೈದಕ್ಕೆ ಬಂತು. ನೂರಾ ಮೂವತ್ತಕ್ಕೆ ಬಂದು ಮತ್ತೆ ತಡೆಯಿತು. ನೂರಾ ಇಪ್ಪತ್ತೈದನ್ನು ದಾಟಿ ನೂರಾ ಹತ್ತಕ್ಕೆ ಇಳಿದಾಗ ಅವನು ಕಟ್ಟಿಗೆಯ ರಾಶಿಯ ಮೇಲೆ ಕುಳಿತುಬಿಟ್ಟ.

ಯಂತ್ರಗಳ ಸದ್ದು ಕುಗ್ಗಿದ್ದು ಕೇಳಿ ಮಹಾಲಿಂಗಪ್ಪನವರು ಪೇಟೆಯಿಂದ ಧಾವಿಸಿ ಬಂದರು. ಹೊರಗೆ ಕೊಣ್ಣೂರಿನ ತನಕದ ಹಳ್ಳಿಗಳ ಹತ್ತಿ ಬಂಡಿಗಳು ಸಾಲುಗಟ್ಟಿ ನಿಂತಿದ್ದವು. ಶಿವನಪ್ಪ ಕಾಗದ ತೋರಿಸಿ ಎಲ್ಲವನ್ನೂ ಹೇಳಿದ. ಅವರ ಸಿಟ್ಟು ಇಳಿಯಲಿಲ್ಲ.

“ನಿನ್ನೆಯಿಂದ ಓಡೇದಲ್ಲೋ? ಏನಾಗೇದ ಅದಕ್ಕ?”

“ನಿನ್ನೆ ಓಡೇತ್ರಿ, ಸಾವ್ಕಾರ್ರ. ನಾಳಿದು ನನಗ ಗೊತ್ತಿಲ್ರಿ. ಆ ಗ್ವಾಡಿ ಬುಡಕ ಕೂಡೂ ಹೆಣಮಕ್ಕಳಿಗೆ ಏನಂತ ಹೇಳ್ಲಿ?”

ಮಹಾಲಿಂಗಪ್ಪನವರು ಬೇವಿನ ಗಿಡದ ಕಡೆ ನೋಡಿದರು. ಹೆಂಗಸರು ರೊಟ್ಟಿ ಮುರಿಯದೆ ಇತ್ತಲೇ ನೋಡುತ್ತ ಕುಳಿತಿದ್ದರು. ಸಾವ್ಕಾರರು ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡರು. ನೂರು ಪೌಂಡಿನಲ್ಲಿ ಎಷ್ಟು ಯಂತ್ರ ಓಡುತ್ತವೆ ಎಂದು ಮೆಲ್ಲಗೆ ಕೇಳಿದರು. ಅರ್ಧ ಎಂದ ಶಿವನಪ್ಪ. ಹಾಗಾದರೆ ಅರ್ಧವೇ ಓಡಲಿ, ಬಂಡಿಯವರಿಗೆ ನಾನು ಹೇಳುತ್ತೇನೆ ಎಂದು ಅವರೇ ಬಾಗಿಲಿನತ್ತ ನಡೆದರು.

ಮರುದಿನ ಇಬ್ಬರೂ ಮೋಟಾರು ಹತ್ತಿ ಹುಬ್ಬಳ್ಳಿಗೆ ಹೋದರು. ಬೇರೊಂದು ಅಂಗಡಿಯ ಮುದುಕ ಮಿಸ್ತ್ರಿ ಕಾಗದ ನೋಡಿ, ಇಂದಿರಾಬಾಯಿ ಊಹಿಸಿದ್ದೇ ಸರಿ ಎಂದ. ಎರಕ ಹೊಯ್ಯುವವರು ಸ್ವಲ್ಪ ಹೆಚ್ಚಿನ ಬಲವನ್ನು ಉಳಿಸಿಯೇ ಮಾಡಿರುತ್ತಾರೆ, ನಿಮ್ಮನ್ನು ಉಳಿಸಿದ್ದು ಅದೇ, ಆದರೆ ಅದನ್ನು ನಂಬಿ ಯಾರೂ ಗಿರಣಿ ನಡೆಸಬಾರದು ಎಂದೂ ಹೇಳಿದ. ಎಸ್ ಅಕ್ಷರದ ಪಕ್ಕ ಇನ್ನೂರೈವತ್ತು ಎಂದಿದ್ದ ವಾಲ್ವನ್ನು ತಂದರು. ಶಿವನಪ್ಪ ಮುಂದಿನ ರವಿವಾರ ಅದನ್ನು ಕೂಡಿಸಿದ. ತೆಗೆದದ್ದನ್ನು ಬಾವಿಯ ಪಂಪಿನ ತಣ್ಣೀರಿನ ಕೊಳವೆಗೆ ಹಾಕಿದರು, ಅಲ್ಲಿ ಅದು ಸರಿಯಾಗಿಯೇ ಒದಗಿತು.

ಕೆಲಸ ಮುಗಿಸಿ ಅವನು ಇಂದಿರಾಬಾಯಿಯವರ ಮನೆಗೆ ಹೋಗಿ ಸುದ್ದಿ ಹೇಳಿದ. ಅವರು ಬಾಗಿಲ ಚೌಕಟ್ಟಿಗೆ ಕೈಯೂರಿ, ಉಸಿರು ಬಿಟ್ಟರು. “ಅವತ್ತಿನಿಂದ ಗಿರಣಿ ಸೀಟಿ ಕೇಳಿದಾಗೊಮ್ಮೆ, ಇವತ್ತೂ ಎಲ್ಲಾರೂ ಆರಾಮ ಅದಾರ ಅಂತ ಅನ್ಕೋತಿದ್ದೆ,” ಎಂದರು.

ಮನೆಗೆ ಬಂದು ಶಿವನಪ್ಪ ಐದು ದಿನಗಳಲ್ಲಿ ಮೊದಲ ಸಲ ಹೊಟ್ಟೆತುಂಬ ಉಂಡ. ಪಡಸಾಲೆಯಲ್ಲಿ ಹಾಗೇ ಅಡ್ಡಾದವನಿಗೆ ನಿದ್ದೆ ಹತ್ತಿತು. ಹೊತ್ತು ಇಳಿದರೂ ಹೆಂಡತಿ ಮಾನವ್ವ ಅವನನ್ನು ಎಬ್ಬಿಸಲಿಲ್ಲ.