ಗೋರ್ಡಿಯ ಮೂರನೇ ಗೇರು

ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡು ಕಾರುಗಳ ಹೆಸರು ಹೇಳುತ್ತಾಳೆ. ಆಗಸ್ಟ್ ಬಂತೆಂದರೆ ನಾವು ವುಡ್‌ವರ್ಡ್ ರಸ್ತೆಯ ಹುಲ್ಲಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಡೆಟ್ರಾಯಿಟ್‌ನ ಅರ್ಧ ಜನ ಅಲ್ಲೇ ಇರುತ್ತಾರೆ. ಹಳೆಯ ಕಾರುಗಳು ಉತ್ತರಕ್ಕೆ ಹೋಗುತ್ತವೆ, ತಿರುಗಿ ದಕ್ಷಿಣಕ್ಕೆ ಬರುತ್ತವೆ, ಮತ್ತೆ ಉತ್ತರಕ್ಕೆ. ಯಾವ ಊರಿಗೂ ಹೋಗುವುದಿಲ್ಲ. ಆರ್ಲೀನ್ ತಲೆಯನ್ನು ಹಿಂದಕ್ಕೆ ಒರಗಿಸಿ, ಶುಂಠಿ ಸೋಡಾದ ಡಬ್ಬಿಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಾಳೆ.

"ಶೆವೆಲ್," ಎನ್ನುತ್ತಾಳೆ. ಶೆವೆಲ್ ಹಾದುಹೋಗುತ್ತದೆ.

"ಡಾಜ್. ಸೈಲೆನ್ಸರ್ ತೂತಾಗಿದೆ, ಪಾಪ."

ಆ ಕಡೆಯ ಕುರ್ಚಿಯಲ್ಲಿ ಓಡೆಲ್ ಇರುತ್ತಾನೆ. ಗೇರ್‌ಬಾಕ್ಸ್ ಕಾರ್ಖಾನೆಯಲ್ಲಿ ನನ್ನ ಪಕ್ಕದ ಯಂತ್ರದ ಮುಂದೆ ನಿಂತು ನಿಂತೇ ಮುದುಕನಾದವನು. ಈ ಆಟಕ್ಕೆ ಅವನೇ ತೀರ್ಪುಗಾರ. ಅವಳು ತಪ್ಪು ಹೇಳಿದರೆ ಒಂದು ಸಾಸೇಜ್ ಬನ್ ಅವನಿಗೆ ಸಲ್ಲಬೇಕು. ಅವನು ಯಾವಾಗಲೂ ಹಸಿದೇ ಇರುತ್ತಾನೆ.

ಪ್ರತಿ ಸಂಜೆ ಒಂದು ಸಲ ಅವಳು ಕಾರಿನ ಹೆಸರು ಹೇಳುವುದಿಲ್ಲ. ಸಿಗ್ನಲ್ ಹಸಿರಾಗುತ್ತದೆ, ದೂರದಲ್ಲಿ ಒಂದು ಎಂಜಿನ್ನಿನ ಸದ್ದು ಏರುತ್ತದೆ, ಇನ್ನೂ ಏರುತ್ತದೆ, ಆಮೇಲೆ ಒಮ್ಮೆ ಬಿಕ್ಕಳಿಸಿ ತಗ್ಗುತ್ತದೆ. ಆಗ ಅವಳ ತಲೆ ಕುರ್ಚಿಯಿಂದ ಒಂದು ಬೆರಳಷ್ಟು ಮೇಲೇಳುತ್ತದೆ.

"ಗೋರ್ಡಿ," ಎನ್ನುತ್ತಾಳೆ.

ಕಡುನೀಲಿ ಪಾಂಟಿಯಾಕ್ ಜಿಟಿಒ. ಒಳಗೆ ಬಿಳಿ ಟೋಪಿಯ ಒಬ್ಬ ಸಣಕಲು ಮುದುಕ. ಅವನು ನಮ್ಮ ಕಡೆ ನೋಡುವುದೂ ಇಲ್ಲ.

ಈ ಆಟ ಶುರುವಾದ ಮೊದಲ ಬೇಸಿಗೆಯಲ್ಲೇ ನಾನು ಕೇಳಿದ್ದೆ. "ಅಂಥ ಕಾರು ಈ ರಸ್ತೇಲಿ ನೂರಿವೆ. ಅದು ಅವನೇ ಅಂತ ಹೇಗೆ ಗೊತ್ತಾಗುತ್ತೆ ನಿಂಗೆ?"

"ಮೂರನೇ ಗೇರಿಗೆ ತಡ ಮಾಡಿ ಹಾಕ್ತಾನೆ. ಆವಾಗ್ಲೂ ಹಂಗೇ. ಎಂಜಿನ್ ಕಿರಿಚಿಕೊಳ್ಳೋವರೆಗೂ ಬಿಡ್ತಿರ್ಲಿಲ್ಲ."

ಆ 'ಆವಾಗ್ಲೂ' ಎಂಬ ಮಾತನ್ನು ನಾನು ಮನೆಗೆ ಹೊತ್ತುಕೊಂಡು ಹೋದೆ. ಹಲ್ಲುಜ್ಜುವಾಗ ಅದು ಬಾಯಲ್ಲಿತ್ತು. ಅವಳು ಗುರುತಿಸುತ್ತಿದ್ದದ್ದು ಕಾರನ್ನಲ್ಲ, ಒಬ್ಬನ ಕಾಲನ್ನು.

ವಿಷಯ ಇಷ್ಟೇ. ೧೯೬೪ರಲ್ಲಿ ಪಾಂಟಿಯಾಕ್‌ನವರು ದೊಡ್ಡ ಕಾರಿನ ಎಂಜಿನ್ ತೆಗೆದು ಮಧ್ಯಮ ಗಾತ್ರದ ಕಾರಿನ ಹೊಟ್ಟೆಗೆ ತುರುಕಿದರು. ಇಪ್ಪತ್ತು ತುಂಬದ ಹುಡುಗರ ಕೈಗೆ ಕಾರ್ಖಾನೆಯೇ ರೇಸಿನ ಕಾರು ಕೊಟ್ಟಂತಾಯಿತು. ಒಬ್ಬರು ಮಾಡಿದ್ದನ್ನು ನೋಡಿ ಎಲ್ಲರೂ ಮಾಡಿದರು. ಮೇಷ್ಟರ ಮಗ, ಕಸಾಯಿಯ ಮಗ, ಎಲ್ಲರೂ ಈ ರಸ್ತೆಯಲ್ಲಿ ಒಂದು ಸಿಗ್ನಲ್‌ನಿಂದ ಇನ್ನೊಂದು ಸಿಗ್ನಲ್‌ಗೆ ಜೀವ ಬಿಟ್ಟು ಓಡಿಸಿದರು. ಆರ್ಲೀನ್ ಆಗ ಇದೇ ರಸ್ತೆಯ ಡ್ರೈವ್-ಇನ್ ಹೋಟೆಲಿನಲ್ಲಿ ಕಾರುಗಳ ಕಿಟಕಿಗೆ ತಟ್ಟೆ ಸಿಕ್ಕಿಸುವ ಕೆಲಸದಲ್ಲಿದ್ದಳು. ಬೆನ್ನು ತಿರುಗಿಸಿ ನಿಂತೇ ಯಾರು ಬಂದರೆಂದು ತಿಳಿಯುವುದನ್ನು ಅಲ್ಲಿ ಕಲಿತಳು. ಒಂದಿಡೀ ಬೇಸಿಗೆ ಕೆಲಸ ಮುಗಿದ ಮೇಲೆ ಗೋರ್ಡಿಯ ಪಕ್ಕದ ಸೀಟಿನಲ್ಲಿ ಕೂತಳು.

ನಾನು ಯುದ್ಧ ಮುಗಿಸಿ ಬಂದಾಗ ೧೯೭೦ ಕಳೆದಿತ್ತು. ನನ್ನ ವಯಸ್ಸಿನವನು ಅಂಥ ಕಾರು ಬೇಕೆಂದರೆ ವಿಮೆಯವರು ಫೋನಿಟ್ಟುಬಿಡುತ್ತಿದ್ದರು. ಸ್ವಲ್ಪ ದಿನಕ್ಕೆ ಪೆಟ್ರೋಲಿಗೂ ಸರದಿ ನಿಲ್ಲುವ ಕಾಲ ಬಂತು. ಕಾರ್ಖಾನೆಗಳು ಎಂಜಿನ್ನುಗಳ ಉಸಿರು ಕಟ್ಟಿಸಿ, ಕಾರಿನ ಮೈಗೆ ಬರೀ ಪಟ್ಟೆ ಬಳಿದು ಮಾರತೊಡಗಿದವು. ಆರ್ಲೀನಳನ್ನು ಮೊದಲ ಸಲ ಊಟಕ್ಕೆ ಕರೆದುಕೊಂಡು ಹೋದದ್ದು ನನ್ನ ಸೋದರಮಾವನ ಹಳೆಯ ಸ್ಟೇಷನ್ ವ್ಯಾಗನ್‌ನಲ್ಲಿ. ಅದರಲ್ಲಿ ಮೀನಿನ ವಾಸನೆ ಇತ್ತು. ಅವಳು ಕಣ್ಣು ಮುಚ್ಚಲಿಲ್ಲ. ಕಣ್ಣು ಮುಚ್ಚಿ ಕೇಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿತು. ಅದೇ ಕೆಟ್ಟದಾಯಿತು.

"ನಂಗೆ ಒಂದು ಕಾರು ಕಟ್ಟಬೇಕು," ಎಂದೆ ಓಡೆಲ್‌ಗೆ. "ಅರವತ್ತಾರನೇ ಇಸ್ವಿ ಜಿಟಿಒ. ಕಡುನೀಲಿ. ಮೂರು ಕಾರ್ಬುರೇಟರ್, ನಾಲ್ಕು ಗೇರು."

"ಅದು ಗೋರ್ಡಿ ಕಾರಲ್ವೇನೋ?"

"ಹೌದು."

"ಅವಳು ನಿನ್ನನ್ನ ತಿರುಗಿ ನೋಡ್ಬೇಕು ಅಂತಾನಾ?"

"ಅಲ್ಲ. ಅವಳು ತಪ್ಪು ಹೇಳ್ಬೇಕು. ನಾನು ಹೋಗ್ತಿದ್ರೆ ಗೋರ್ಡಿ ಅನ್ಬೇಕು. ಆಮೇಲೆ ಕಣ್ಣು ಬಿಟ್ಟು ನೋಡ್ಬೇಕು."

"ಮಾರಾಯ, ಬೇರೆ ಗಂಡಸರು ಇಂಥದಕ್ಕೆ ಕುಡೀತಾರೆ," ಎಂದ ಓಡೆಲ್. ಆಮೇಲೆ ತನ್ನ ಗ್ಯಾರೇಜಿನ ಬೀಗದ ಕೈ ಕೊಟ್ಟ.

ಎರಡು ಚಳಿಗಾಲ ಹಿಡಿಯಿತು. ಓಡೆಲ್ ಮನೆಯ ನೆಲಮಾಳಿಗೆ ರಿಪೇರಿ ಮಾಡುತ್ತಿದ್ದೇವೆಂದು ಆರ್ಲೀನ್‌ಗೆ ಹೇಳಿದ್ದೆ. ಬಾಗಿಲುಗಳಿಗೆ ತುಕ್ಕು ಹಿಡಿದಿದ್ದ ಒಂದು ಎಂಜಿನ್ನಿಲ್ಲದ ಖಾಲಿ ಕಾರು ಟೊಲೀಡೋದಲ್ಲಿ ಸಿಕ್ಕಿತು, ಎಂಜಿನ್ ಇನ್ನೊಂದು ಕಡೆ. ಇಂದಿನ ಒಳ್ಳೆಯ ಬಿಡಿಭಾಗಗಳು ಬೇಕಾದಷ್ಟಿದ್ದವು. ಹಾಕಿದ್ದರೆ ಕಾರು ರೇಷ್ಮೆಯಂತೆ ಓಡುತ್ತಿತ್ತು. ನನಗೆ ರೇಷ್ಮೆ ಬೇಕಿರಲಿಲ್ಲ. ಗೋರ್ಡಿಯ ಕಾರು ಸಿಗ್ನಲ್‌ನಲ್ಲಿ ನಿಂತಾಗ ಅದರ ಎಂಜಿನ್ ತಾಳ ತಪ್ಪಿ ಕುಂಟುವಂತೆ ನನ್ನದೂ ಕುಂಟಬೇಕಿತ್ತು. ಅದರ ಮೂರು ಕಾರ್ಬುರೇಟರ್‌ಗಳಲ್ಲಿ ನಡುವಿನದೊಂದೇ ಸದಾ ಕೆಲಸ ಮಾಡುತ್ತದೆ. ಕಾಲು ಪೂರ್ತಿ ಒತ್ತಿದಾಗ ಮಾತ್ರ ಉಳಿದೆರಡು ಬಾಯಿ ತೆರೆಯುತ್ತವೆ. ಆ ತೆರೆಯುವ ಹೊತ್ತನ್ನು ಹೊಂದಿಸಲಿಕ್ಕೇ ಒಂದು ತಿಂಗಳು ಹೋಯಿತು.

ಕಾರು ಮುಗಿದ ಮೇಲೆ ಕಾಲು ಉಳಿದಿತ್ತು. ಊರಾಚೆ ಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ಓಡೆಲ್‌ನನ್ನು ಪಕ್ಕಕ್ಕೆ ಕೂರಿಸಿಕೊಂಡು ಗೋರ್ಡಿಯಂತೆ ಓಡಿಸುವುದನ್ನು ಕಲಿತೆ.

"ಇನ್ನೂ ತಡಿ," ಎನ್ನುತ್ತಿದ್ದ ಓಡೆಲ್. "ತಡಿ... ತಡಿ ಅಂದ್ನಲ್ಲ. ಬೇಗ ಹಾಕ್ಬಿಟ್ಟೆ. ನಿನ್ನದು ಸಂಸಾರಸ್ಥನ ಕಾಲು ಕಣೋ."

ಗೇರ್‌ಬಾಕ್ಸ್ ಕಟ್ಟಿದ ನನ್ನ ಕೈಗೆ ಆ ಕಿರಿಚಾಟ ಸಹಿಸಲು ಆಗುತ್ತಿರಲಿಲ್ಲ. ಒಳಗೆ ಏನು ಸವೆಯುತ್ತಿದೆ ಎಂದು ನನಗೆ ಗೊತ್ತು. ಆದರೂ ಕಲಿತೆ. ಅವನು ಎಲ್ಲಿ ಉಸಿರು ಹಿಡಿಯುತ್ತಾನೆ, ಎಲ್ಲಿ ಬಿಡುತ್ತಾನೆ ಎಂಬುದೆಲ್ಲ ನನ್ನ ಬಲಗಾಲಿಗೆ ಬಂತು. ಮೆಟ್ಟಿಲು ಹತ್ತುವಾಗಲೂ ಆ ಕಾಲು ನನ್ನದಲ್ಲವೆನ್ನಿಸುತ್ತಿತ್ತು.

ಆಗಸ್ಟಿನ ಒಂದು ಬುಧವಾರ, ಶನಿವಾರದ ದೊಡ್ಡ ಜನಜಂಗುಳಿಗೆ ಮುಂಚೆ, ರಸ್ತೆ ಇನ್ನೂ ತೆರವಾಗಿದ್ದಾಗ, ಹಲ್ಲುನೋವೆಂದು ಸುಳ್ಳು ಹೇಳಿ ಮನೆಯಲ್ಲುಳಿದೆ. ಆರ್ಲೀನ್ ಮತ್ತು ಓಡೆಲ್ ಕುರ್ಚಿ ಹಾಕಿ ಕೂತಿದ್ದರು. ಸಂಜೆಯ ಬಿಸಿಲು ಇನ್ನೂ ಇತ್ತು. ನಮ್ಮ ಕುರ್ಚಿಗಳಿಗೆ ಮುಂಚಿನ ಸಿಗ್ನಲ್‌ನಲ್ಲಿ ನಾನು ನಿಂತೆ. ಬಾನೆಟ್ ನಡುಗುತ್ತಿತ್ತು. ಹಸಿರಾಯಿತು.

ಒಂದನೇ ಗೇರು. ಎರಡನೇ ಗೇರು. ಕಾಲು ಒತ್ತಿದೆ, ಉಳಿದೆರಡು ಬಾಯಿ ತೆರೆದವು. ಎಂಜಿನ್ ಏರಿತು. ಹಿಡಿದೆ. ಇನ್ನೂ ಹಿಡಿದೆ. ಅದು ಕಿರಿಚಿಕೊಂಡಿತು. ಕುರ್ಚಿಗಳ ಹತ್ತಿರ ಬರುವಾಗ ಮೂರಕ್ಕೆ ಎಳೆದೆ.

ರಸ್ತೆ ನೋಡಬೇಕಿತ್ತು. ಅವಳನ್ನು ನೋಡಿದೆ. ಅವಳ ತಲೆ ಎದ್ದಿತು. ತುಟಿ ಅಲುಗಿತು. ಕಣ್ಣು ತೆರೆಯುವುದಕ್ಕೆ ಮೊದಲು ಮುಖದ ಮೇಲೆ ಒಂದು ನಗು ಬಂತು.

ಇಷ್ಟು ವರ್ಷ ನಾನು ಅವಳ ಪಕ್ಕದಲ್ಲಿ ಕೂತವನು, ರಸ್ತೆಯತ್ತ ಮುಖ ಮಾಡಿ. ಅವಳು ಅವನ ಹೆಸರು ಹೇಳುವಾಗ ಅವಳ ಮುಖವನ್ನು ಎದುರಿನಿಂದ ಕಂಡವನಲ್ಲ. ಅದನ್ನು ಕಾಣಬೇಕಾದರೆ ಗೋರ್ಡಿಯ ಸೀಟಿನಲ್ಲಿ ಕೂತಿರಬೇಕಿತ್ತು. ಈಗ ಕೂತಿದ್ದೆ. ನಮ್ಮ ಮದುವೆಯ ಫೋಟೋದಲ್ಲಿ ಆ ನಗು ಇಲ್ಲ. ಮಗಳು ಹುಟ್ಟಿದ ದಿನವೂ ಅದನ್ನು ನೋಡಿರಲಿಲ್ಲ.

ವುಡ್‌ವರ್ಡ್‌ನಲ್ಲಿ ಮನಸ್ಸು ಬಂದಲ್ಲಿ ತಿರುಗಲಾಗದು. ನಡುವಿನ ಹುಲ್ಲುಪಟ್ಟಿಯಲ್ಲಿ ತಿರುವು ಸಿಗುವವರೆಗೆ ಹೋಗಬೇಕು, ಎದುರು ದಿಕ್ಕಿನಲ್ಲಿ ಬರಬೇಕು, ಮತ್ತೆ ತಿರುಗಬೇಕು. ಅಷ್ಟು ಹೊತ್ತೂ ನಾನು ಆ ನಗುವನ್ನು ಕಳಚಿ ಬಿಡಿಬಿಡಿಯಾಗಿ ನೋಡಿದೆ. ಯಾವ ಭಾಗದಲ್ಲೂ ನನ್ನ ಹೆಸರಿರಲಿಲ್ಲ.

ಕಾರು ನಿಲ್ಲಿಸಿದಾಗ ಓಡೆಲ್ ಎದ್ದು ಬಂದ. "ಗೆದ್ದೆ ಕಣೋ. ಗೋರ್ಡಿ ಅಂದ್ಲು. ನಂಗೆ ಸಾಸೇಜ್ ಬನ್ ಬರ್ಬೇಕು."

ಆರ್ಲೀನ್ ಕೈಕಟ್ಟಿ ನಿಂತು ಕಾರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ಓಡೆಲ್, ನಿನ್ನ ನೆಲಮಾಳಿಗೆ ತುಂಬಾ ಚೆನ್ನಾಗಿ ಬಂದಿದೆ," ಎಂದಳು. ಬಾಗಿಲು ತೆಗೆದು ನನ್ನ ಪಕ್ಕ ಕೂತಳು. "ನಡಿ."

ಸ್ವಲ್ಪ ದೂರ ಹೋದ ಮೇಲೆ ಕೇಳಿದಳು, "ಅವನ ಥರ ಓಡ್ಸೋದನ್ನೂ ಕಲ್ತ್ಯಾ?"

"ಹೂಂ."

"ಒಬ್ಬ ಗಂಡಸಿನ ಬಗ್ಗೆ ಎರಡು ಚಳಿಗಾಲ ಯೋಚನೆ ಮಾಡೋಷ್ಟು ಪುರುಸೊತ್ತು ನಂಗಂತೂ ಇರ್ಲಿಲ್ಲಪ್ಪ."

"ಮತ್ತೆ ಆ ನಗು?"

"ಯಾವ ನಗು?"

"ಗೋರ್ಡಿ ಅಂದಾಗ ಬಂತಲ್ಲ, ಅದು."

ಅವಳು ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದಳು. "ನನ್ನ ಮುಖ ನಂಗೆ ಕಾಣಲ್ವಲ್ಲ, ಕ್ಯಾಸ್," ಎಂದಳು.

ಹದಿಮೂರನೇ ಮೈಲಿ ಎಂಬ ಅಡ್ಡರಸ್ತೆಯ ಸಿಗ್ನಲ್ ಕೆಂಪಾಗಿತ್ತು. ಅವಳ ಬದಿಯ ಸಾಲಿನಲ್ಲಿ ಒಂದು ಕಾರು ಬಂದು ನಿಂತಿತು. ನೋಡುವ ಮೊದಲೇ ನನಗೆ ಗೊತ್ತಾಯಿತು, ನಾನೂ ಆ ಸದ್ದನ್ನು ಎರಡು ವರ್ಷ ಓದಿದವನು. ಎರಡು ಕಡುನೀಲಿ ಕಾರುಗಳು ಅಕ್ಕಪಕ್ಕ ಒಂದೇ ರೀತಿ ಕುಂಟುತ್ತ ನಿಂತವು. ಗೋರ್ಡಿ ಕಿಟಕಿಯಿಂದ ಬಗ್ಗಿದ. ಅವನಿಗೂ ಆರ್ಲೀನ್‌ಗೂ ನಡುವೆ ಒಂದು ಮೊಳದ ಅಂತರ.

"ಅರವತ್ತಾರಾ?" ಎಂದು ಅವಳ ತಲೆಯ ಮೇಲಿಂದ ನನ್ನನ್ನು ಕೇಳಿದ.

"ಅರವತ್ತಾರು."

"ಎಂಜಿನ್ ಅದರದ್ದೇನಾ? ಎರಡರ ನಂಬರೂ ತಾಳೆ ಆಗುತ್ತಾ?"

"ಇಲ್ಲ. ಬೇರೇದು."

"ಓ." ಅವನ ಮುಖ ಇಳಿಯಿತು. "ನಂದು ಹುಟ್ಟಿದಾಗಿಂದ ಅದೇ. ಒಂದು ಬೋಲ್ಟೂ ಬದಲಾಗಿಲ್ಲ." ಆಮೇಲೆ ಕತ್ತು ಚಾಚಿದ. "ಮೇಡಂ, ಒಂಚೂರು ಹಿಂದಕ್ಕೆ ಒರಗ್ತೀರಾ? ಮೀಟರುಗಳು ಕಾಣಿಸ್ತಿಲ್ಲ."

ಆರ್ಲೀನ್ ಹಿಂದಕ್ಕೆ ಒರಗಿದಳು. ಅವನು ಮೀಟರುಗಳನ್ನು ನೋಡಿದ. ಸ್ಟೀರಿಂಗ್ ನೋಡಿದ. ಗೇರಿನ ಹಿಡಿ ನೋಡಿದ. "ಪರವಾಗಿಲ್ಲ," ಎಂದ.

ನನಗೆ ಹಬ್ಬವಾಗಬೇಕಿತ್ತು. ಅವನಿಗೆ ಅವಳ ನೆನಪೇ ಇಲ್ಲ. ಅವನ ತಲೆಯಲ್ಲಿ ಆ ಬೇಸಿಗೆಯಿಂದ ಕಾರೊಂದೇ ಉಳಿದಿತ್ತು. ಆದರೆ ಅವಳ ಕುತ್ತಿಗೆ ಕೆಂಪಾಗಿದ್ದುದನ್ನು ಕಂಡೆ. ಅವಳಿಗೆ ನೋವಾಗಿತ್ತು. ಅವನು ಅವಳಿಗೆ ಏನೂ ಅಲ್ಲದಿದ್ದರೆ ಈ ನೋವೇಕೆ? ಮರೆತರೂ ಅವನೇ ಗೆಲ್ಲುತ್ತಿದ್ದ.

"ಸೋಲ್ಸು," ಎಂದಳು ಆರ್ಲೀನ್, ಮುಂದೆ ನೋಡುತ್ತ.

"ಏನು?"

"ಅವನನ್ನ ಸೋಲ್ಸು ಅಂದೆ."

ಹಸಿರಾಯಿತು. ಎರಡು ಕಾರುಗಳೂ ಒಟ್ಟಿಗೆ ನೆಗೆದವು. ಒಂದನೇ ಗೇರಿನಲ್ಲಿ ಅವನ ಬಿಳಿ ಟೋಪಿ ಅವಳ ಭುಜದ ಪಕ್ಕದಲ್ಲೇ ಇತ್ತು, ಎರಡನೆಯದರಲ್ಲೂ ಅಲ್ಲೇ ಇತ್ತು. ಎರಡು ಎಂಜಿನ್ನುಗಳು ಒಂದೇ ಗಂಟಲಿನಿಂದ ಏರಿದವು. ಯಾವುದು ನನ್ನದೆಂದು ನನಗೇ ತಿಳಿಯಲಿಲ್ಲ. ಆಗ ನಾನು ಮೂರಕ್ಕೆ ಹಾಕಿದೆ, ಹಾಕಬೇಕಾದ ಹೊತ್ತಿಗೆ, ಗೇರ್‌ಬಾಕ್ಸ್ ಕಟ್ಟಿದವನು ಹಾಕುವ ಹಾಗೆ. ಅವನು ಇನ್ನೂ ಎರಡರಲ್ಲೇ ಕಿರುಚಿಸುತ್ತಿದ್ದ. ಬಿಳಿ ಟೋಪಿ ಅವಳ ಭುಜದಿಂದ ಜಾರಿತು, ಹಿಂದಿನ ಕಿಟಕಿಗೆ ಹೋಯಿತು, ಆಮೇಲೆ ಅಲ್ಲೂ ಇರಲಿಲ್ಲ.

ನಾನು ನಗುತ್ತ ಆರ್ಲೀನ್ ಕಡೆ ನೋಡಿದೆ. ಅವಳು ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು, ಪೂರ್ತಿ ಹಿಂದಕ್ಕೆ ತಿರುಗಿ ಕೂತಿದ್ದಳು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಅವನಿಗೆ ಕಾಣುತ್ತಿತ್ತು.

"ಎಷ್ಟು ಹಿಂದಿದಾನೆ?" ಎಂದೆ.

"ತುಂಬಾ," ಎಂದಳು.

ಮುಂದಿನ ಸಿಗ್ನಲ್‌ವರೆಗೂ ಅವಳು ಈ ಕಡೆ ತಿರುಗಲಿಲ್ಲ.