ಓರಿನ್ ಟೆಶ್‌ನ ಒಂದೇ ಒಂದು ಹಿಟ್

ಮೀನಿನ ಊಟಕ್ಕೆ ತಲೆಗೆ ಹದಿನಾರು ಡಾಲರ್. ಬಿಯರ್ ಬೇರೆ. ತಿಂಗಳ ಸಭೆಗೆ ಕರೆಸುವ ಅತಿಥಿಗೆ ಎಪ್ಪತ್ತೈದು ಡಾಲರ್, ಮೇಲೆ ಪೆಟ್ರೋಲಿನ ಖರ್ಚು. ಅದನ್ನು ಸಂಘದವರು ಗೊಣಗುತ್ತಲೇ ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಿದ್ದರು. ಅಮೆರಿಕದ ಶೆಬಾಯ್ಗನ್ ಊರಿನ ಹೋಟೆಲಿನ ಒಡತಿ ಬರ್ನಡೀನ್ ಶ್ರೋಟರ್‌ಗೆ ಚಳಿಗಾಲದಲ್ಲಿ ಈ ಸಂಘವೇ ಆಧಾರ. ಸರೋವರದ ಕಡೆಯಿಂದ ಗಾಳಿ ಬೀಸತೊಡಗಿದರೆ ಬೇರೆ ಗಿರಾಕಿಗಳು ಮನೆ ಬಿಟ್ಟು ಹೊರಡುವುದಿಲ್ಲ. ಈ ಮೂವತ್ತು ಗಂಡಸರು ಮಾತ್ರ ತಿಂಗಳಿಗೊಂದು ಶುಕ್ರವಾರ ತಪ್ಪದೆ ಬರುತ್ತಾರೆ. ಬೇಸ್‌ಬಾಲ್ ಇಲ್ಲದ ತಿಂಗಳುಗಳಲ್ಲಿ ಬೇಸ್‌ಬಾಲ್ ಮಾತಾಡುವುದಕ್ಕೆಂದೇ ಇರುವ ಸಂಘ ಅದು.

ಅವರಿಗೆ ಗೊತ್ತಿಲ್ಲದ್ದೇ ಇಲ್ಲ. ಒಬ್ಬ ವರ್ಷ ಹೇಳಿದರೆ ಇನ್ನೊಬ್ಬ ತಂಡ ಹೇಳುತ್ತಾನೆ, ಮೂರನೆಯವನು ಆ ದಿನ ಮಳೆ ಬಂದು ಆಟ ಎಷ್ಟು ಹೊತ್ತು ನಿಂತಿತ್ತು ಎನ್ನುವುದನ್ನೂ ಹೇಳುತ್ತಾನೆ. ಬರ್ನಡೀನ್‌ಗೆ ಮೊದಮೊದಲು ಬೆರಗಾಗುತ್ತಿತ್ತು. ಈಗ ಅಸಹ್ಯ. ಬಾಯಲ್ಲಿ ಮೀನು ಇಟ್ಟುಕೊಂಡೇ ಒಬ್ಬರನ್ನೊಬ್ಬರು ತಿದ್ದುವುದು, ತಪ್ಪು ಹೇಳಿದವನ ಮುಖ ಕೆಂಪಾಗುವ ತನಕ ನಗುವುದು, ಗೆದ್ದವನು ಎಣ್ಣೆಬೆರಳನ್ನು ಮೇಜಿನ ಬಟ್ಟೆಗೆ ಒರೆಸುವುದು. ಹೋದ ವರ್ಷ ಒಬ್ಬ ಸದಸ್ಯನ ಹೆಂಡತಿ ತೀರಿಕೊಂಡಾಗ ನಾಲ್ಕು ಮಾತು ಹೇಳಲು ನಿಂತ ಇನ್ನೊಬ್ಬ ಅವಳ ಹೆಸರು ನೆನಪಾಗದೆ ತಡವರಿಸಿದ್ದ. ಆದರೆ ಅವಳು ಸತ್ತ ತಾರೀಖಿನಂದು, ಎಷ್ಟೋ ವರ್ಷಗಳ ಹಿಂದೆ, ಯಾರು ಮೂರು ಹೋಮ್ ರನ್ ಹೊಡೆದಿದ್ದರು ಎಂಬುದನ್ನು ತಡವರಿಸದೆ ಹೇಳಿದ್ದ.

ಈ ತಿಂಗಳ ಅತಿಥಿ ಓರಿನ್ ಟೆಶ್. ಎಂಬತ್ತರ ಹತ್ತಿರದ ವಯಸ್ಸು, ಬದುಕೆಲ್ಲ ಹಾಲಿನ ಲಾರಿ ಓಡಿಸಿದವನು. ಯೌವನದಲ್ಲಿ ಒಂದೇ ಒಂದು ದಿನ ದೊಡ್ಡ ಲೀಗಿನಲ್ಲಿ ಆಡಿದ್ದ. ಒಂದೇ ಸಲ ಬ್ಯಾಟು ಹಿಡಿದಿದ್ದ, ಒಂದು ಹಿಟ್ ಹೊಡೆದಿದ್ದ. ಮೊದಲ ಹಿಟ್ ಹೊಡೆದ ಚೆಂಡನ್ನು ಎತ್ತಿಟ್ಟು ಹೊಡೆದವನಿಗೇ ಕೊಡುವುದು ಆಟದ ವಾಡಿಕೆ. ಆ ಚೆಂಡನ್ನು ಈಗ ಸಂಘಕ್ಕೆ ಕೊಟ್ಟು ಬರ್ನಡೀನ್‌ಳ ಗಾಜಿನ ಕಪಾಟಿನಲ್ಲಿ ಇಡಿಸಬೇಕೆಂದು ಬಂದಿದ್ದ. ಉಣ್ಣೆಯ ಕಾಲುಚೀಲದೊಳಗೆ ಹಾಕಿಕೊಂಡು ತಂದಿದ್ದ.

"ಎಲ್ಲಿಡ್ತೀಯಮ್ಮ ಇದನ್ನ?"

"ನಡುವಿನ ಹಲಗೆ ಮೇಲೆ. ದೀಪ ಹಾಕಿಸ್ತೀನಿ."

"ದೀಪ ಗೀಪ ಯಾಕೆ. ಒಂದು ಚೀಟಿ ಅಂಟಿಸು ಸಾಕು. ಮನೇಲಿದ್ರೆ ನಾನು ಸತ್ಮೇಲೆ ಮೊಮ್ಮಕ್ಕಳು ನಾಯಿಗೆ ಎಸೀತಾರೆ. ಇಲ್ಲಾದ್ರೆ ಗೊತ್ತಿರೋರು ನೋಡ್ತಾರೆ."

ಸಂಘದಲ್ಲಿ ಊಟವಾದ ಮೇಲೆ ಆಟದ ಬಗ್ಗೆ ಪ್ರಶ್ನೆ ಕೇಳುವ ಕೆಲಸ ಲೈಲ್ ಪ್ರಾಕ್ನೋನದು. ವಿಮಾ ಕಂಪನಿಗೆ ನಷ್ಟ ಅಂದಾಜು ಮಾಡಿಕೊಡುವ ನೌಕರಿಯಿಂದ ನಿವೃತ್ತನಾದವನು. ಓರಿನ್ ಕೈ ತೊಳೆಯಲು ಹೋದಾಗ ಪ್ರಾಕ್ನೋ ಬರ್ನಡೀನ್ ಕಡೆ ಬಾಗಿದ.

"ಇವತ್ತು ತಮಾಷೆ ಇದೆ, ನೋಡ್ತಿರು. ಅದು ಹಿಟ್ ಅಲ್ಲವೇ ಅಲ್ಲ."

"ಏನಂದೆ?"

"ಅವತ್ತು ಹಿಟ್ ಅಂತ ಬೋರ್ಡಿಗೆ ಹಾಕಿದ್ರು, ಚೆಂಡೂ ಕೊಟ್ರು. ಮಾರನೇ ದಿನ ಲೆಕ್ಕ ಬರೆಯೋನು ಎರರ್ ಅಂತ ತಿದ್ದಿದ. ಶಾರ್ಟ್‌ಸ್ಟಾಪ್ ಹಿಡೀಬೇಕಿತ್ತು, ಹಿಡೀಲಿಲ್ಲ ಅಂತ. ಮುದುಕನ ಹೆಸರಲ್ಲಿರೋದು ಸೊನ್ನೆ."

ಹೊಡೆತದ ಬಲದಿಂದ ಓಡಿ ಮೊದಲ ಬೇಸ್ ತಲುಪಿದರೆ ಹಿಟ್, ಮೈದಾನದ ಎಡಗಡೆ ಕಾಯುವ ಶಾರ್ಟ್‌ಸ್ಟಾಪ್‌ನಂಥ ಎದುರಾಳಿಯ ಕೈತಪ್ಪಿನಿಂದ ತಲುಪಿದರೆ ಎರರ್. ಯಾವುದೆಂದು ತೀರ್ಮಾನಿಸುವವನು ಮೇಲಿನ ಕೋಣೆಯಲ್ಲಿ ಪೆನ್ಸಿಲ್ ಹಿಡಿದು ಕುಳಿತ ಒಬ್ಬನೇ ಮನುಷ್ಯ. ಮರುದಿನ ಮನಸ್ಸು ಬದಲಾಯಿಸುವ ಹಕ್ಕೂ ಅವನಿಗುಂಟು. ಇಷ್ಟು ಬರ್ನಡೀನ್‌ಗೂ ಗೊತ್ತಿತ್ತು.

"ಅವರಿಗೆ ಗೊತ್ತಾ ಇದು?"

"ಇಲ್ಲ ಅನ್ಸತ್ತೆ. ಮಾರನೇ ಬೆಳಿಗ್ಗೇನೇ ಬಸ್ಸು ಹತ್ತಿಸಿ ಚಿಕ್ಕ ಲೀಗಿಗೆ ಸಾಗಹಾಕಿದ್ರು. ಅಲ್ಲಿಗೆ ಬಂದು ಯಾರು ಹೇಳ್ತಾರೆ?"

"ಹಾಗಿದ್ರೆ ನೀನೂ ಹೇಳ್ಬೇಡ. ಈ ಚಳಿಗಾಲ ಪೂರ್ತಿ ನಿನ್ನ ಬಿಯರಿಗೆ ದುಡ್ಡು ತಗೊಳ್ಳಲ್ಲ."

"ಬಿಯರ್ ಕೊಟ್ಟು ದಾಖಲೆ ಬದಲಾಯಿಸ್ತೀಯಾ?"

"ದಾಖಲೆ ಯಾರಿಗೆ ಬೇಕು? ಬಾಯಿ ಮುಚ್ಕೊಂಡಿರು ಅಂದೆ ಅಷ್ಟೆ. ಮುಚ್ಕೊಂಡ್ರೆ ಯಾರಿಗೆ ನಷ್ಟ, ನೀನೇ ಹೇಳು. ಜೀವಮಾನವೆಲ್ಲ ಅದನ್ನೇ ಅಳೆದೋನು."

"ಆಟಕ್ಕೆ," ಎಂದ ಪ್ರಾಕ್ನೋ, ನಗದೆ. ಆದರೂ ಅವಳು ತುಂಬಿಸಿಕೊಟ್ಟ ಲೋಟವನ್ನು ಎತ್ತಿಕೊಂಡ. ಒಪ್ಪಿದ ಎಂದುಕೊಂಡಳು.

ಊಟ ಮುಗಿಯುವ ಹೊತ್ತಿಗೆ ಓರಿನ್ ಎದ್ದು ನಿಂತ. ಮಾತಾಡಿ ಅಭ್ಯಾಸವಿಲ್ಲದವನು, ಚೆಂಡನ್ನು ಕೈಯಿಂದ ಕೈಗೆ ಬದಲಾಯಿಸುತ್ತಲೇ ಹೇಳಿದ: "ಎರಡನೇ ಎಸೆತ. ಒಳಗೆ, ಮೈ ಹತ್ತಿರ ಬಂತು. ನೆಲ ಸವರಿಕೊಂಡು ಎಡಗಡೆ ಹೋಯ್ತು. ನಾನು ನೋಡ್ಲಿಲ್ಲ, ಓಡ್ದೆ. ಬೇಸ್ ಮೇಲೆ ನಿಂತ್ಕೊಂಡು ತಿರುಗಿದ್ರೆ ಎಲ್ರೂ ಚಪ್ಪಾಳೆ ಹೊಡೀತಿದ್ರು. ಇನ್ನೇನಿಲ್ಲ. ಇದು ಆ ಚೆಂಡು."

"ಟೆಶ್ ಅವರೇ, ಸ್ವಲ್ಪ ಕೂತ್ಕೊಳ್ಳಿ," ಎಂದು ಪ್ರಾಕ್ನೋ ಎದ್ದ. "ಸಂಘದ ಪದ್ಧತಿ, ಮೊದಲ ಪ್ರಶ್ನೆ ಅತಿಥಿ ಮೇಲೇನೇ. ದೊಡ್ಡ ಲೀಗಿನಲ್ಲಿ ಇವರ ಹಿಟ್ ಎಷ್ಟು?"

"ಸೊನ್ನೆ," ಎಂದಿತು ಇಡೀ ಕೋಣೆ.

ಯಾರೂ ಯೋಚಿಸಲಿಲ್ಲ. ಬರ್ನಡೀನ್ ಅವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಪ್ರಾಕ್ನೋ ಒಬ್ಬನದಲ್ಲ ಈ ಗುಟ್ಟು, ಎಲ್ಲರಿಗೂ ಮೊದಲೇ ಗೊತ್ತಿತ್ತು. ಗೊತ್ತಿದ್ದುಕೊಂಡೇ ಮುದುಕನ ಮಾತಿಗೆ ತಲೆಯಾಡಿಸಿದ್ದರು, ಪ್ರಶ್ನೆ ಯಾವಾಗ ಬರುತ್ತದೋ ಎಂದು ಕಾಯುತ್ತ. ಅವಳು ಖಾಲಿ ತಟ್ಟೆಗಳನ್ನು ಎತ್ತತೊಡಗಿದಳು.

ಓರಿನ್ ನಕ್ಕ. "ಸೊನ್ನೆನಾ? ಹಾಗಾದ್ರೆ ಇದೇನು, ಮೊಟ್ಟೆನಾ?"

ತಿಳಿಸಿ ಹೇಳಲು ನಾಲ್ಕೈದು ಜನ ಒಟ್ಟಿಗೇ ಬಾಯಿ ತೆರೆದರು. ಮಾರನೇ ದಿನ ಬೆಳಿಗ್ಗೆ ತಿದ್ದಿದ್ದು ಎಂದ ಒಬ್ಬ. ಬೆಳಿಗ್ಗೆ ಅಲ್ಲ, ಮಧ್ಯಾಹ್ನ ಎಂದ ಇನ್ನೊಬ್ಬ. ಅವರಿಬ್ಬರೂ ಅದಕ್ಕೇ ಜಗಳಕ್ಕೆ ಬಿದ್ದರು. ಚೆಂಡೆಸೆಯುವ ಪಿಚರ್‌ನ ಸರಾಸರಿ ಕೆಡದಿರಲಿ ಎಂದು ಮಾಡಿದ್ದು ಎಂದ ಮತ್ತೊಬ್ಬ, ಆ ಸರಾಸರಿಯನ್ನೂ ಹೇಳಿದ. ಓರಿನ್‌ನ ನಗು ನಿಧಾನವಾಗಿ ಇಳಿಯುವುದನ್ನು ಯಾರೂ ಗಮನಿಸಲಿಲ್ಲ.

"ಶಾರ್ಟ್‌ಸ್ಟಾಪ್ ಅದನ್ನ ಮುಟ್ಟಲೇ ಇಲ್ಲವಲ್ಲ," ಎಂದ. "ಎರಡು ಮೊಳ ಆಚೆ ಹೋಯ್ತು. ಹಾಗಂತ ಎಲ್ಲ ಹೇಳಿದ್ರು."

"ಪುಸ್ತಕದಲ್ಲಿ ಹಾಗಿಲ್ಲ," ಎಂದ ಪ್ರಾಕ್ನೋ.

ಬರ್ನಡೀನ್ ಕೈಯಲ್ಲಿದ್ದ ತಟ್ಟೆಗಳನ್ನು ಮೇಜಿನ ಮೇಲೆ ಕುಕ್ಕಿದಳು. "ಅವತ್ತು ಮೈದಾನದಲ್ಲಿದ್ದೋರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಅವತ್ತು ಮೈದಾನದಲ್ಲಿದ್ದ ಒಬ್ಬನೇ ಒಬ್ಬ, ಓರಿನ್, ಚೆಂಡು ನೋಡುತ್ತ ಕೂತಿದ್ದ.

"ಇರ್ಬೇಕಾಗಿಲ್ಲ, ಬರ್ನಡೀನ್. ಬರೆದಿದೆ," ಎಂದ ಪ್ರಾಕ್ನೋ.

"ಸರಿ. ಸಿಹಿ ಇಲ್ಲ ಇವತ್ತು. ಕೋಟು ಹಾಕ್ಕೊಳ್ಳಿ. ಮುಂದಿನ ತಿಂಗಳಿಂದ ಬೇರೆ ಜಾಗ ನೋಡ್ಕೊಳ್ಳಿ."

"ಮೂವತ್ತು ಊಟ ಬಿಟ್ಕೊಡ್ತೀಯಾ? ಒಂದು ಎರರ್‌ಗೆ?"

"ಹೂಂ."

ಕೋಪ ಮಾಡಿಕೊಂಡೇ ಹೊರಟರು. ಆದರೆ ಕಾರುಗಳ ಹತ್ತಿರ ಹೋಗುವಷ್ಟರಲ್ಲಿ ಕೋಪ ಮರೆತುಹೋಗಿತ್ತು. ಬೆಳಿಗ್ಗೆಯೋ ಮಧ್ಯಾಹ್ನವೋ ಎಂಬ ವಾದ ಹಿಮದಲ್ಲಿ ನಿಂತು ಇನ್ನೂ ನಡೆದಿತ್ತು.

ಬರ್ನಡೀನ್ ಓರಿನ್ ಮುಂದೆ ಕಾಫಿ ತಂದಿಟ್ಟಳು. "ಕೊಡಿ ಇಲ್ಲಿ ಚೆಂಡು. ನಾನಿಡ್ತೀನಿ. ಚೀಟೀಲಿ ಹಿಟ್ ಅಂತಾನೇ ಬರೀತೀನಿ."

"ಬೇಡಮ್ಮ. ಬಂದೋರೆಲ್ಲ ನಿನ್ನನ್ನ ತಿದ್ತಾರೆ." ಓರಿನ್ ಚೆಂಡನ್ನು ಕಾಲುಚೀಲದೊಳಗೆ ಇಳಿಸಿದ. "ದಿನಾ ಮಲಗೋ ಮುಂಚೆ ಒಂದ್ಸಲ ಅದನ್ನ ಹೊಡೀತಿದ್ದೆ ನೋಡು. ಕಣ್ಮುಚ್ಚಿಕೊಂಡು. ಇನ್ಮೇಲೆ ಹೊಡೆದ್ರೆ ಆ ಶಾರ್ಟ್‌ಸ್ಟಾಪ್ ಅಡ್ಡ ಬರ್ತಾನೆ."

ಅವಳು ಅವನ ಕೋಟು ತಂದುಕೊಟ್ಟಳು. ಕಾರಿನವರೆಗೆ ತೋಳು ಹಿಡಿದು ಬಿಟ್ಟುಬಂದಳು.

ಸಂಘ ಎರಡು ಬೀದಿ ಆಚೆಯ ಹೋಟೆಲಿಗೆ ಹೋಯಿತು, ಅಲ್ಲೂ ಒಂದು ಸಭೆಯೂ ತಪ್ಪಲಿಲ್ಲ. ಬರ್ನಡೀನ್ ಆ ಚಳಿಗಾಲ ನಷ್ಟದಲ್ಲೇ ಕಳೆದಳು, ಅಡುಗೆಯವಳ ಕೆಲಸ ಅರ್ಧ ದಿನಕ್ಕೆ ಇಳಿಸಬೇಕಾಯಿತು. ಓರಿನ್ ಟೆಶ್‌ನ ಹಿಟ್ ಹೋಯಿತು. ಅದನ್ನು ಕಸಿದುಕೊಂಡವರಲ್ಲಿ ಯಾರಿಗೂ ಅದು ಸಿಗಲೂ ಇಲ್ಲ.